ಸಾಲ ತೀರಿತು, ಸುಳ್ಳು ಉಳಿಯಿತು: ಆಲ್ಡ್ರಿಚ್ ಏಮ್ಸ್ ಪ್ರಕರಣದ ಅಧ್ಯಯನ

ಅಮೆರಿಕದಲ್ಲಿ ಗೋಪ್ಯ ಕಡತಗಳನ್ನು ನೋಡಬೇಕಾದ ಯಾವುದೇ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ಭದ್ರತಾ ಅನುಮತಿ, ಬೇಕು. ಸೈನ್ಯವಿರಲಿ, ಗುಪ್ತಚರ ಸಂಸ್ಥೆಯಿರಲಿ, ರಕ್ಷಣಾ ಗುತ್ತಿಗೆ ಹಿಡಿದ ಖಾಸಗಿ ಕಂಪನಿಯಿರಲಿ, ಅರ್ಜಿದಾರರು ತಮ್ಮ ಬದುಕನ್ನೆಲ್ಲ ತೆರೆದಿಡಬೇಕು. ಅದರಲ್ಲಿ ಜನರನ್ನು ಹೆಚ್ಚು ಮುಜುಗರಕ್ಕೆ ತಳ್ಳುವುದು ಹಣದ ಪ್ರಶ್ನೆಗಳು. ಯಾವ ಕಂತು ತಪ್ಪಿತು, ಯಾವ ಕಾರ್ಡಿನ ಬಾಕಿ ವಸೂಲಿಗೆ ಹೋಯಿತು, ತೆರಿಗೆ ವಿವರ ಸಲ್ಲಿಸಿದ್ದೀರಾ, ದಿವಾಳಿ ಅರ್ಜಿ ಹಾಕಿದ್ದೀರಾ. ನನ್ನ ಮನೆಯ ಲೆಕ್ಕ ಕಟ್ಟಿಕೊಂಡು ಸರ್ಕಾರಕ್ಕೇನಾಗಬೇಕು ಎಂದು ಕೇಳುವವರಿಗೆ ಅಲ್ಲಿನವರು ಹೇಳುವ ಹೆಸರು ಒಂದೇ: ಆಲ್ಡ್ರಿಚ್ ಏಮ್ಸ್.

ಸಾಲದ ಬಾಧೆ ತಾಳಲಾರದೆ ದೇಶ ಮಾರಿದ ಸಿಐಎ ಅಧಿಕಾರಿ ಎಂದು ಈತನ ಕಥೆಯನ್ನು ಒಂದು ಸಾಲಿನಲ್ಲಿ ಮುಗಿಸುವುದುಂಟು. ದಾಖಲೆಗಳನ್ನು ಓದಿದರೆ ಅದು ಅರ್ಧ ಸತ್ಯವೆಂದು ತಿಳಿಯುತ್ತದೆ. ಆತನ ಸಾಲ ದೊಡ್ಡದಾಗಿರಲಿಲ್ಲ, ಬಹಳ ಕಾಲ ಇರಲೂ ಇಲ್ಲ. ಆತ ಸಾಲಗಾರನಾಗಿದ್ದದ್ದು ಒಂದೆರಡು ವರ್ಷ, ಸುಳ್ಳು ಹೇಳಿದ್ದು ಒಂಬತ್ತು ವರ್ಷ. ಕ್ಲಿಯರೆನ್ಸ್ ಕೊಡುವವರು ಇವೆರಡನ್ನೂ ಬೇರೆ ಬೇರೆಯಾಗಿ ತೂಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ.

ಮನುಷ್ಯ ಮತ್ತು ಹುದ್ದೆ

ಏಮ್ಸ್ ಹುಟ್ಟಿದ್ದು 1941ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ. ತಂದೆಯೂ ಸಿಐಎಗೆ ಕೆಲಸ ಮಾಡಿದವರು. 1950ರ ದಶಕದಲ್ಲಿ ಬರ್ಮಾದಲ್ಲಿದ್ದರು. ಮಗ ಚಿಕ್ಕ ವಯಸ್ಸಿನಲ್ಲೇ ಅದೇ ಸಂಸ್ಥೆಗೆ ಸೇರಿದ. ಟರ್ಕಿ, ನ್ಯೂಯಾರ್ಕ್, ಮೆಕ್ಸಿಕೊ ಸಿಟಿಗಳಲ್ಲಿ ಕೆಲಸ ಮಾಡಿದ. ಅಂಥ ಹೆಸರೇನೂ ಗಳಿಸಲಿಲ್ಲ. ಕುಡಿತ ಹೆಚ್ಚಿತ್ತು. ಲೆಕ್ಕಪತ್ರ ಸಲ್ಲಿಸುವುದರಲ್ಲಿ ಸದಾ ತಡ. 1976ರಲ್ಲಿ ಗೋಪ್ಯ ದಾಖಲೆಗಳಿದ್ದ ಬ್ರೀಫ್‌ಕೇಸನ್ನು ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಮರೆತು ಬಂದಿದ್ದ. ಅದು ಹೇಗೋ ವಾಪಸ್ ಸಿಕ್ಕಿತು. ಇಷ್ಟಾದರೂ 1983ರಲ್ಲಿ ಮೆಕ್ಸಿಕೊದಿಂದ ಹಿಂದಿರುಗಿದಾಗ ಆತನಿಗೆ ಸಿಕ್ಕ ಕುರ್ಚಿ ಸಾಮಾನ್ಯದ್ದಲ್ಲ. ಸೋವಿಯತ್ ವಿಭಾಗದ ಪ್ರತಿಗೂಢಚರ್ಯೆ, ಅಂದರೆ ಎದುರಾಳಿಯ ಬೇಹುಗಾರಿಕೆಯನ್ನು ತಡೆಯುವ, ಶಾಖೆಯ ಮುಖ್ಯಸ್ಥನಾದ. ಸೋವಿಯತ್ ಒಕ್ಕೂಟದ ಒಳಗಿದ್ದು ಅಮೆರಿಕಕ್ಕೆ ಮಾಹಿತಿ ಕೊಡುತ್ತಿದ್ದವರು ಯಾರು ಯಾರು ಎಂಬುದು ತಿಳಿಯುವ ಕುರ್ಚಿ ಅದು.

ಮೆಕ್ಸಿಕೊದಲ್ಲಿದ್ದಾಗ ಕೊಲಂಬಿಯಾ ರಾಯಭಾರ ಕಚೇರಿಯ ಸಾಂಸ್ಕೃತಿಕ ಅಧಿಕಾರಿ ರೊಸಾರಿಯೊ ಅವರ ಪರಿಚಯವಾಗಿ ಪ್ರೇಮಕ್ಕೆ ತಿರುಗಿತ್ತು. ಮೊದಲ ಹೆಂಡತಿ ನ್ಯೂಯಾರ್ಕಿನಲ್ಲೇ ಉಳಿದಿದ್ದರು. ವಿದೇಶಿ ಪ್ರಜೆಯೊಂದಿಗೆ ಸಂಬಂಧ ಬೆಳೆದರೆ ಕಚೇರಿಗೆ ಕೂಡಲೇ ತಿಳಿಸಬೇಕೆಂಬ ನಿಯಮವಿತ್ತು. ಏಮ್ಸ್ ತಿಳಿಸಿದ್ದು ಬಹಳ ತಡವಾಗಿ.

ಸಾಲದ ಲೆಕ್ಕ

ಆತನ ಸಾಲ ಎಷ್ಟಿತ್ತು ಎಂಬುದು ಅಮೆರಿಕ ಸೆನೆಟ್‌ನ ಗುಪ್ತಚರ ಸಮಿತಿ 1994ರಲ್ಲಿ ಹೊರತಂದ ವರದಿಯಲ್ಲಿದೆ. ವಿಚ್ಛೇದನದ ಒಪ್ಪಂದದಂತೆ ಕ್ರೆಡಿಟ್ ಕಾರ್ಡ್ ಮತ್ತಿತರ ಬಾಕಿ, ಸುಮಾರು 33,350 ಡಾಲರ್, ಏಮ್ಸ್ ಹೆಗಲಿಗೆ ಬಿತ್ತು. ಜೊತೆಗೆ ಮೊದಲ ಹೆಂಡತಿಗೆ ತಿಂಗಳಿಗೆ 300 ಡಾಲರಿನಂತೆ 42 ತಿಂಗಳು ಕೊಡಬೇಕು. ಎರಡೂ ಸೇರಿ 46,000 ಡಾಲರಿನ ಹತ್ತಿರ. ಇನ್ನೊಂದು ಕಡೆ ಹೊಸ ಸಂಸಾರ, ಬಾಡಿಗೆ ಮನೆ, ಹೊಸ ಪೀಠೋಪಕರಣ, ಕೊಲಂಬಿಯಾದ ಬೊಗೋಟಾದಲ್ಲಿದ್ದ ತವರಿಗೆ ರೊಸಾರಿಯೊ ಮಾಡುವ ಫೋನ್ ಕರೆಗಳ ಬಿಲ್ಲು.

ಈ ಅಂಕಿಗಳನ್ನು ನೋಡಿದಾಗ ಮನಸ್ಸಿಗೆ ನಾಟುವುದು ಅವು ಎಷ್ಟು ಸಾಮಾನ್ಯ ಎಂಬುದು. ವಿಚ್ಛೇದನವಾದ ಮಧ್ಯವಯಸ್ಸಿನ ಯಾವ ಸರ್ಕಾರಿ ನೌಕರನ ಮನೆಯಲ್ಲಾದರೂ ಸಿಗುವ ಲೆಕ್ಕ. ದೊಡ್ಡ ಆಸ್ಪತ್ರೆ ಖರ್ಚಿಲ್ಲ, ಜೂಜಿಲ್ಲ, ಬಡ್ಡಿ ವ್ಯಾಪಾರಿಯ ಬೆದರಿಕೆಯಿಲ್ಲ. ಕಾಯಂ ಕೆಲಸವಿತ್ತು, ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ನಾಲ್ಕಾರು ವರ್ಷ ಕೈ ಬಿಗಿ ಹಿಡಿದಿದ್ದರೆ ತೀರಿಹೋಗುತ್ತಿತ್ತು. ಸೆರೆಯಾದ ಮೇಲೆ ಏಮ್ಸ್ ಕೂಡ ಹೆಚ್ಚುಕಡಿಮೆ ಇದನ್ನೇ ಒಪ್ಪಿಕೊಂಡ: ಹಣದ ಒತ್ತಡ ಬಹಳವಾಗಿ ಕಾಡಿದ್ದು ನಿಜ, ಆದರೆ ಹಿಂದಿರುಗಿ ನೋಡಿದರೆ ಅದನ್ನು ನಾನು ಅತಿಯಾಗಿ ಮನಸ್ಸಿಗೆ ಹಚ್ಚಿಕೊಂಡೆ ಎಂದ.

ಇದನ್ನು ಯಾರಿಗಾದರೂ ಹೇಳಬಹುದಿತ್ತು. ಸಂಸ್ಥೆಯ ಭದ್ರತಾ ಕಚೇರಿಗೆ, ಮೇಲಧಿಕಾರಿಗೆ, ಕೊನೆಗೆ ಒಬ್ಬ ಗೆಳೆಯನಿಗೆ. ಹೇಳಿದ್ದರೆ ಒಂದಿಷ್ಟು ಕಾಲ ಸೂಕ್ಷ್ಮ ಕಡತಗಳಿಂದ ದೂರ ಇಡುತ್ತಿದ್ದರೋ ಏನೋ. ಅದಕ್ಕಿಂತ ಹೆಚ್ಚಿನ ನಷ್ಟ ಆಗುತ್ತಿತ್ತು ಎಂದು ನನಗನ್ನಿಸುವುದಿಲ್ಲ. ಹೇಳದೆ ಇದ್ದದ್ದೇ ಮೊದಲ ತಪ್ಪು ಹೆಜ್ಜೆ.

1985ರ ಏಪ್ರಿಲ್ 16

ಆ ದಿನ ಏಮ್ಸ್ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಗೆ ನಡೆದುಹೋಗಿ ಲಕೋಟೆಯೊಂದನ್ನು ಕೊಟ್ಟ. ಒಳಗೆ ಕೆಲವು ಪ್ರಕರಣಗಳ ಮಾಹಿತಿ, ತನ್ನ ಹೆಸರಿಗೆ ಗುರುತು ಹಾಕಿದ ಸಿಐಎ ವಿಭಾಗದ ದೂರವಾಣಿ ಪಟ್ಟಿಯ ಹಾಳೆ, 50,000 ಡಾಲರ್ ಬೇಕೆಂಬ ಚೀಟಿ. ಕೇಳಿದ ಮೊತ್ತ ಮತ್ತು ಸಾಲದ ಮೊತ್ತ ಹೆಚ್ಚುಕಡಿಮೆ ಒಂದೇ ಆಗಿದ್ದುದು ಕಾಕತಾಳೀಯವಲ್ಲ. ಒಂದು ಸಲ ಸಾಲ ತೀರಿಸಿಕೊಂಡು ಕೈತೊಳೆದುಕೊಳ್ಳುವ ಲೆಕ್ಕಾಚಾರ ಆತನದಾಗಿತ್ತು. ಮೇ 17ರಂದು ಸೋವಿಯತ್ ರಾಜತಾಂತ್ರಿಕ ಸೆರ್ಗೆಯ್ ಚುವಾಖಿನ್ ಜೊತೆ ಊಟಕ್ಕೆ ಕುಳಿತಾಗ ಹಣ ಕೈಸೇರಿತು. ಸಾಲಕ್ಕಾಗಿ ಮಾಡಿದ ಕೆಲಸವೆಂದರೆ ಕಥೆ ಅಲ್ಲಿಗೆ ನಿಲ್ಲಬೇಕಿತ್ತು.

ನಿಲ್ಲಲಿಲ್ಲ. ಜೂನ್ 13ರಂದು ಮೇಜಿನ ಮೇಲಿದ್ದ ಗೋಪ್ಯ ಕಾಗದಗಳನ್ನು ಸುತ್ತಿ ಕಟ್ಟಿಕೊಂಡು ಕಚೇರಿಯಿಂದ ಹೊರಬಂದ. ಯಾರೂ ತಡೆಯಲಿಲ್ಲ. ಜಾರ್ಜ್‌ಟೌನ್ ಪ್ರದೇಶದ ಒಂದು ರೆಸ್ಟೊರೆಂಟಿನಲ್ಲಿ ಅದನ್ನೆಲ್ಲ ಚುವಾಖಿನ್ ಕೈಗಿಟ್ಟ. ಸೋವಿಯತ್ ಒಕ್ಕೂಟದೊಳಗೆ ಅಮೆರಿಕಕ್ಕಿದ್ದ ಅತಿ ಮುಖ್ಯ ಮಾಹಿತಿದಾರರ ಹೆಸರುಗಳು ಅದರಲ್ಲಿದ್ದವು. ಆ ದಿನ ಆತನಿಗೆ ಸಾಲದ ತುರ್ತು ಇರಲಿಲ್ಲ. ಹಿಂದಿನ ತಿಂಗಳ ಹಣ ಇನ್ನೂ ಕೈಯಲ್ಲಿತ್ತು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಒಳಗಿದ್ದ ಮಾಹಿತಿದಾರರಿಗೆ ತನ್ನ ವಿಷಯ ತಿಳಿದರೆ ಅವರು ಅಮೆರಿಕಕ್ಕೆ ಹೇಳಬಲ್ಲವರು. ಅವರು ಉಳಿದರೆ ತಾನು ಉಳಿಯುವುದಿಲ್ಲ ಎಂಬ ಭಯವೂ ಆ ಹೆಸರುಗಳನ್ನು ಬರೆಸಿತು.

ಅವರಲ್ಲಿ ಕನಿಷ್ಠ ಹತ್ತು ಮಂದಿಗೆ ಸೋವಿಯತ್ ಆಡಳಿತ ಮರಣದಂಡನೆ ಕೊಟ್ಟಿತು. ಒಬ್ಬರು ಸೇನಾ ಗುಪ್ತಚರ ವಿಭಾಗದ ಜನರಲ್ ದ್ಮಿತ್ರಿ ಪಾಲಿಯಕೋವ್. ಭಾರತಕ್ಕೂ ಅವರಿಗೂ ನಂಟಿದೆ. 1970ರ ದಶಕದಲ್ಲಿ ದೆಹಲಿಯ ಸೋವಿಯತ್ ರಾಯಭಾರ ಕಚೇರಿಯಲ್ಲಿದ್ದರು. ಎರಡು ದಶಕ ಅಮೆರಿಕಕ್ಕೆ ಮಾಹಿತಿ ಕೊಟ್ಟರೂ ದೊಡ್ಡ ಮೊತ್ತವನ್ನು ಎಂದೂ ಬೇಡದವರು. ತಮ್ಮದೇ ಆಡಳಿತದ ಮೇಲಿನ ಜಿಗುಪ್ಸೆಯಿಂದ ಆ ದಾರಿ ಹಿಡಿದವರನ್ನು, ಕ್ರೆಡಿಟ್ ಕಾರ್ಡ್ ಬಾಕಿಯಿಂದ ಶುರುಮಾಡಿದ ಮನುಷ್ಯನೊಬ್ಬ ಮಾರಿಬಿಟ್ಟ. 1988ರಲ್ಲಿ ಅವರನ್ನು ಕೊಂದರು. ಕ್ಲಿಯರೆನ್ಸ್ ಅರ್ಜಿಯ ಪ್ರಶ್ನೆಗಳು ಕಾಗದದ ಕಿರಿಕಿರಿ ಎಂದು ಯಾರಾದರೂ ಅಂದಾಗ ನನಗೆ ಮೊದಲು ನೆನಪಾಗುವುದು ಪಾಲಿಯಕೋವ್.

ಒಂದು ಹಣಕ್ಕೆ ಹಲವು ಕಥೆ

ಹಣ ಬಂದ ಮೇಲೆ ಅದನ್ನು ವಿವರಿಸಬೇಕಾಯಿತು. ಏಮ್ಸ್ ಒಬ್ಬೊಬ್ಬರಿಗೆ ಒಂದೊಂದು ಕಥೆ ಕಟ್ಟಿದ. ಸಹೋದ್ಯೋಗಿಗಳಿಗೆ ಹೇಳಿದ್ದು: ಹೆಂಡತಿಯ ಕಡೆಯವರು ಕೊಲಂಬಿಯಾದಲ್ಲಿ ಭಾರಿ ಸ್ಥಿತಿವಂತರು. ಹೆಂಡತಿಗೇ ಹೇಳಿದ್ದು: ಶಿಕಾಗೊದಲ್ಲಿ ರಾಬರ್ಟ್ ಎಂಬ ಹಳೆಯ ಗೆಳೆಯನಿದ್ದಾನೆ, ಅವನ ಮೂಲಕ ಹೂಡಿಕೆಯ ಲಾಭ ಬರುತ್ತಿದೆ. ರೊಸಾರಿಯೊ ಕುಟುಂಬ ಮನೆತನದ ಹೆಸರಿದ್ದದ್ದು, ಹಣವಿದ್ದದ್ದಲ್ಲ. ಕಚೇರಿಯಲ್ಲಿ ಅತ್ತೆ ಮನೆಯ ದುಡ್ಡು, ಮನೆಯಲ್ಲಿ ಗೆಳೆಯನ ದುಡ್ಡು. ಈ ಇಬ್ಬರು ಕೇಳುಗರು ಒಂದು ಸಂಜೆ ಎದುರುಬದುರು ಕೂತು ಮಾತಾಡಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತಿತ್ತು.

ಬ್ಯಾಂಕಿನ ವಿಚಾರದಲ್ಲೂ ಹುಷಾರಾಗಿದ್ದ. 10,000 ಡಾಲರ್ ಮೀರಿದ ನಗದು ಬಂದರೆ ಅಮೆರಿಕದ ಬ್ಯಾಂಕುಗಳು ಸರ್ಕಾರಕ್ಕೆ ವರದಿ ಕಳಿಸಬೇಕು. ಹಾಗಾಗಿ ಹೆಚ್ಚಿನ ಸಲ ಅದಕ್ಕಿಂತ ಕಡಿಮೆ ಕಟ್ಟುತ್ತಿದ್ದ. ಆದರೂ ಕೆಲವು ಸಲ ಆ ಗೆರೆ ದಾಟಿದ್ದ, ವರದಿಗಳೂ ಹೋಗಿದ್ದವು. ಅವು ಸರ್ಕಾರದ ಬಳಿಯೇ ಕೊಳೆಯುತ್ತಿದ್ದವು, ಕೇಳುವವರಿರಲಿಲ್ಲ.

1986ರಿಂದ 1989ರವರೆಗೆ ರೋಮ್‌ನಲ್ಲಿದ್ದ. ಹಿಂದಿರುಗಿದವನೇ ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ 5,40,000 ಡಾಲರ್ ಕೊಟ್ಟು ಮನೆ ಕೊಂಡ, ಅದೂ ಗೃಹಸಾಲವಿಲ್ಲದೆ. ಜಾಗ್ವಾರ್ ಕಾರು ಬಂತು. ಬಟ್ಟೆ ಬದಲಾಯಿತು, ಹಲ್ಲಿಗೆ ಹೊಸ ಹೊಳಪು ಬಂತು. ಆತನ ಸಂಬಳ ಕೊನೆಯವರೆಗೂ ವರ್ಷಕ್ಕೆ 70,000 ಡಾಲರ್ ದಾಟಿರಲಿಲ್ಲ.

ಸಾಲದ ಮೇಲಷ್ಟೇ ಕಣ್ಣಿಟ್ಟು ಕ್ಲಿಯರೆನ್ಸ್ ತಪಾಸಣೆ ನಡೆಸುವವರು ಇಲ್ಲಿ ನಿಂತು ಯೋಚಿಸಬೇಕು. 1985ರ ಮೇ ತಿಂಗಳಾದ ಮೇಲೆ ಏಮ್ಸ್ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಕೆಟ್ಟ ಬಾಕಿಯಿರಲಿಲ್ಲ. ಕಂತು ತಪ್ಪುತ್ತಿರಲಿಲ್ಲ, ಸಾಲ ಕೊಟ್ಟವರು ಬಾಗಿಲು ತಟ್ಟುತ್ತಿರಲಿಲ್ಲ. ಬಾಕಿದಾರರ ಪಟ್ಟಿ ಹಿಡಿದು ಹುಡುಕಿದ್ದರೆ ಇಡೀ ವಿಭಾಗದಲ್ಲಿ ಅತಿ ಅಚ್ಚುಕಟ್ಟಾದ ನೌಕರನಾಗಿ ಕಾಣುತ್ತಿದ್ದ. ಅಪಾಯದ ಗುರುತು ಸಾಲದಿಂದ ಸಿರಿಗೆ ಜಾಗ ಬದಲಿಸಿತ್ತು.

ಕಚೇರಿ ಕಂಡದ್ದು, ಕಾಣದ್ದು

ಯಾರಿಗೂ ಅನುಮಾನ ಬಂದಿರಲಿಲ್ಲ ಎಂದಲ್ಲ. ಮೆಕ್ಸಿಕೊ ದಿನಗಳಿಂದ ಆ ದಂಪತಿಯನ್ನು ಬಲ್ಲ ಸಹೋದ್ಯೋಗಿಯೊಬ್ಬರು 1989ರಲ್ಲಿ ಅವರ ಮನೆ ನೋಡಿ ಬಂದು, ಈ ಖರ್ಚು ಈ ಸಂಬಳಕ್ಕೆ ಹೊಂದುವುದಿಲ್ಲ ಎಂದು ಸಂಬಂಧಪಟ್ಟವರಿಗೆ ತಿಳಿಸಿದರು. ನಾನು ಈ ಪ್ರಕರಣದಲ್ಲಿ ಅತಿ ಹೆಚ್ಚು ಗೌರವಿಸುವುದು ಅವರನ್ನು. ಪರಿಚಿತರ ಮೇಲೆ ದೂರು ಹೇಳುವುದು ಸುಲಭದ ಮಾತಲ್ಲ. ರೊಸಾರಿಯೊ ಅವರ ತವರಿನ ಸ್ಥಿತಿ ಬಲ್ಲವರಾಗಿದ್ದರಿಂದ ಅತ್ತೆ ಮನೆಯ ದುಡ್ಡಿನ ಕಥೆ ಅವರ ಬಳಿ ನಡೆಯಲಿಲ್ಲ.

ಮುಂದಿನದು ಆಮೆ ವೇಗದಲ್ಲಿ ನಡೆಯಿತು. 1990ರ ಡಿಸೆಂಬರ್‌ನಲ್ಲಿ ಪ್ರತಿಗೂಢಚರ್ಯೆ ಕೇಂದ್ರ ಭದ್ರತಾ ಕಚೇರಿಗೆ ಟಿಪ್ಪಣಿ ಬರೆದು ಮನೆ, ಕಾರು, ದೊಡ್ಡ ನಗದು ಜಮೆಗಳ ವಿವರ ಕೊಟ್ಟು ತನಿಖೆ ಕೋರಿತು. ತನಿಖೆ ನೋಡಬೇಕಾದವರು ತರಬೇತಿಗೆ ಹೋದರು, ಬೇರೆ ಕೆಲಸಗಳು ಮೇಲೆ ಬಿದ್ದವು. ಕೊಲಂಬಿಯಾದಲ್ಲಿ ವಿಚಾರಿಸಿದಾಗ, ಹೌದು, ಹೆಂಡತಿಯ ಮನೆಯವರು ಅನುಕೂಲಸ್ಥರೇ ಎಂಬ ಉತ್ತರ ಬಂತು. ಒಬ್ಬರ ಬಾಯಿಮಾತು ಅದು. ಅದನ್ನು ಕಾಗದಪತ್ರದೊಂದಿಗೆ ಯಾರೂ ತಾಳೆ ನೋಡಲಿಲ್ಲ.

ಪಾಲಿಗ್ರಾಫ್, ಅಂದರೆ ಸುಳ್ಳುಪತ್ತೆ ಪರೀಕ್ಷೆ, ಎರಡು ಸಲ ನಡೆಯಿತು: 1986ರಲ್ಲಿ ಮತ್ತು 1991ರಲ್ಲಿ. ಎರಡರಲ್ಲೂ ಏಮ್ಸ್ ಪಾರಾದ. ಕೆಜಿಬಿ ಕೊಟ್ಟ ಸಲಹೆ ಬಹಳ ಸರಳವಾಗಿತ್ತು: ಚೆನ್ನಾಗಿ ನಿದ್ದೆ ಮಾಡು, ಪರೀಕ್ಷಕರೊಂದಿಗೆ ಸ್ನೇಹದಿಂದಿರು, ಶಾಂತವಾಗಿರು. 1991ರ ಮೊದಲ ಸರದಿಯಲ್ಲಿ ಹಣದ ಪ್ರಶ್ನೆ ಬಂದಾಗ ಯಂತ್ರ ತುಸು ಅಲುಗಾಡಿತು. ನಿವೃತ್ತಿಯ ನಂತರ ಕೊಲಂಬಿಯಾದಲ್ಲಿ ವ್ಯಾಪಾರ ಮಾಡುವ ಯೋಚನೆಯಿದೆ, ಅದು ನೆನಪಾಗಿರಬೇಕು ಎಂದ. ಒಪ್ಪಿಕೊಂಡರು. ಪರೀಕ್ಷಕರ ಕೈಗೆ 1990ರ ಟಿಪ್ಪಣಿಯ ಅನುಮಾನಗಳು ತಲುಪಿಯೇ ಇರಲಿಲ್ಲ. ಮನೆಗೆ ಅರ್ಧ ಮಿಲಿಯನ್ ಡಾಲರ್ ಎಲ್ಲಿಂದ ಬಂತು ಎಂಬ ನೇರ ಪ್ರಶ್ನೆಯನ್ನು ದಾಖಲೆ ಮುಂದಿಟ್ಟು ಕೇಳಲಿಲ್ಲ. ಯಂತ್ರ ಸೋತಿತು ಎಂದು ಬಹಳ ಜನ ಬರೆಯುತ್ತಾರೆ. ಯಂತ್ರದ ಮುಂದೆ ಕೂತವರಿಗೆ ಮಾಹಿತಿ ಕೊಡದವರ ಸೋಲು ಅದಕ್ಕಿಂತ ದೊಡ್ಡದು.

ಎರಡು ಪಟ್ಟಿ

ಕೊನೆಗೆ ಗಂಟು ಬಿಡಿಸಿದ್ದು ಯಾವ ಯಂತ್ರವೂ ಅಲ್ಲ, ಪಕ್ಕಪಕ್ಕ ಇಟ್ಟ ಎರಡು ಪಟ್ಟಿ. 1985ರ ನಂತರ ಒಬ್ಬೊಬ್ಬರಾಗಿ ಕಾಣೆಯಾದ ಮಾಹಿತಿದಾರರ ಜಾಡು ಹಿಡಿದಿದ್ದ ಸಿಐಎ ತಂಡವನ್ನು ಜೀನ್ ವರ್ಟ್‌ಫೊಯ್ ಮುನ್ನಡೆಸುತ್ತಿದ್ದರು. ಸ್ಯಾಂಡಿ ಗ್ರೈಮ್ಸ್ ಆ ತಂಡದಲ್ಲಿದ್ದರು. ಏಮ್ಸ್ ದಿನವಹಿ ಚಟುವಟಿಕೆಗಳನ್ನು ಅವರು ತಾರೀಖುವಾರು ಜೋಡಿಸುತ್ತ ಹೋದರು. ಚುವಾಖಿನ್ ಜೊತೆಗಿನ ಊಟಗಳು ಗುಟ್ಟಾಗಿರಲಿಲ್ಲ. ಕಚೇರಿಯ ಅನುಮತಿಯಿಂದ, ಆ ಸೋವಿಯತ್ ಅಧಿಕಾರಿಯನ್ನು ಒಲಿಸಿಕೊಳ್ಳುವ ನೆಪದಲ್ಲಿ ನಡೆದಂಥವು. ಹಾಗಾಗಿ ತಾರೀಖುಗಳೆಲ್ಲ ದಾಖಲೆಯಲ್ಲಿದ್ದವು. ಭದ್ರತಾ ಕಚೇರಿಯ ತನಿಖಾಧಿಕಾರಿ ಡ್ಯಾನ್ ಪೇನ್ ಬ್ಯಾಂಕುಗಳಿಂದ ಜಮೆಯ ವಿವರ ತರಿಸಿದರು. 1992ರ ಆಗಸ್ಟ್‌ನಲ್ಲಿ ಎರಡೂ ಒಟ್ಟಿಗೆ ಬಂದವು.

1985ರ ಮೇ 17, ಚುವಾಖಿನ್ ಜೊತೆ ಊಟ. ಮೇ 18, ಬ್ಯಾಂಕಿಗೆ 9,000 ಡಾಲರ್. ಜುಲೈ 2, ಊಟ. ಜುಲೈ 5, ಬ್ಯಾಂಕಿಗೆ 5,000. ಜುಲೈ 31, ಊಟ. ಅದೇ ದಿನ ಬ್ಯಾಂಕಿಗೆ 8,500. ಗ್ರೈಮ್ಸ್ ಅವರಿಗೆ ಇನ್ನೇನೂ ಬೇಕಾಗಲಿಲ್ಲ.

ಈ ಕಾಗದಗಳೆಲ್ಲ 1985ರಲ್ಲೇ ಹುಟ್ಟಿದ್ದವು. ಒಂದು ಕಟ್ಟು ಸಿಐಎ ಕಪಾಟಿನಲ್ಲಿ, ಇನ್ನೊಂದು ಬ್ಯಾಂಕಿನಲ್ಲಿ. ಎರಡನ್ನೂ ಒಂದೇ ಮೇಜಿಗೆ ತರಲು ಏಳು ವರ್ಷ ಹಿಡಿಯಿತು. ಎಫ್‌ಬಿಐ 1993ರ ಮೇ ತಿಂಗಳಲ್ಲಿ ಅಧಿಕೃತ ತನಿಖೆ ಶುರುಮಾಡಿತು. ಮನೆಯ ಕಸದಬುಟ್ಟಿಯಿಂದ ಸಿಕ್ಕ ಹರಿದ ಚೀಟಿಯೊಂದರಲ್ಲಿ ಬೊಗೋಟಾದ ಭೇಟಿಯ ಪ್ರಸ್ತಾಪವಿತ್ತು. 1994ರ ಫೆಬ್ರವರಿ 21ರಂದು ಏಮ್ಸ್ ಸೆರೆಯಾದ. ಏಪ್ರಿಲ್ 28ರಂದು ತಪ್ಪೊಪ್ಪಿಕೊಂಡು ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಗೆ ಒಳಗಾದ. ರೊಸಾರಿಯೊ ಅವರಿಗೆ 63 ತಿಂಗಳ ಶಿಕ್ಷೆಯಾಯಿತು. ಸಿಐಎ ನಿರ್ದೇಶಕ ಜೇಮ್ಸ್ ವೂಲ್ಸಿ ಹನ್ನೊಂದು ಹಾಲಿ, ಮಾಜಿ ಅಧಿಕಾರಿಗಳಿಗೆ ಛೀಮಾರಿ ಪತ್ರ ಕೊಟ್ಟರು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಹತ್ತು ಜೀವ ಹೋದ ಪ್ರಕರಣಕ್ಕೆ ಅದು ತೀರಾ ಅಗ್ಗದ ಶಿಕ್ಷೆಯೆಂದು ಸಂಸತ್ತಿನಲ್ಲಿ ಆಕ್ರೋಶ ಎದ್ದಿತು, ಅದು ನ್ಯಾಯವಾದ ಆಕ್ರೋಶ. ಆ ವರ್ಷದ ಕೊನೆಗೆ ವೂಲ್ಸಿ ಹುದ್ದೆ ಬಿಡುವುದಾಗಿ ಘೋಷಿಸಿದರು.

ನಿಯಮ ಬದಲಾದದ್ದು

1995ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ 12968ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಕ್ಲಿಯರೆನ್ಸ್ ಬೇಕೆನ್ನುವವರು ತಮ್ಮ ಬ್ಯಾಂಕ್ ದಾಖಲೆ, ಕ್ರೆಡಿಟ್ ವರದಿ, ವಿದೇಶ ಪ್ರಯಾಣದ ವಿವರಗಳನ್ನು ಸರ್ಕಾರ ನೋಡಬಹುದೆಂದು ಬರೆದುಕೊಡಬೇಕು ಎಂಬುದು ಅದರ ಮುಖ್ಯ ಅಂಶಗಳಲ್ಲೊಂದು. ಅನುಮಾನ ಉಳಿದರೆ ದೇಶದ ಭದ್ರತೆಯ ಪರವಾಗಿ ತೀರ್ಮಾನಿಸಬೇಕು ಎಂದೂ ಅದು ಹೇಳಿತು. ಈಗ ಜಾರಿಯಲ್ಲಿರುವ ಮಾರ್ಗಸೂಚಿ 2017ರ ಜೂನ್‌ನಲ್ಲಿ ಬಂದದ್ದು. ಅದರಲ್ಲಿ ಹದಿಮೂರು ವಿಭಾಗಗಳಿವೆ. ನಮ್ಮ ಪ್ರಕರಣಕ್ಕೆ ಎರಡು ಸಾಕು: ಹಣಕಾಸಿಗೆ ಸಂಬಂಧಿಸಿದ ಎಫ್ ವಿಭಾಗ, ವೈಯಕ್ತಿಕ ನಡತೆಯ ಇ ವಿಭಾಗ.

ಏಮ್ಸ್ 1984ರಲ್ಲಿ ಇದ್ದ ಸ್ಥಿತಿಯನ್ನು ಇಂದಿನ ಎಫ್ ವಿಭಾಗದ ಮುಂದಿಟ್ಟು ನೋಡೋಣ. ಆದಾಯ ಮೀರಿದ ಸಾಲ ಹೊತ್ತವರು ಹಣಕ್ಕಾಗಿ ಅಡ್ಡದಾರಿ ಹಿಡಿಯುವ ಅಪಾಯ ಹೆಚ್ಚು ಎಂದು ಅದು ನೇರವಾಗಿ ಹೇಳುತ್ತದೆ. ಅದೇ ವಿಭಾಗ ರಿಯಾಯಿತಿಯ ಬಾಗಿಲನ್ನೂ ತೆರೆದಿಟ್ಟಿದೆ. ಕೆಲಸ ಹೋಗುವುದು, ವ್ಯಾಪಾರ ನೆಲಕಚ್ಚುವುದು, ಅನಿರೀಕ್ಷಿತ ಕಾಯಿಲೆ, ಸಾವು, ವಿಚ್ಛೇದನ, ಇಂಥ ಕೈಮೀರಿದ ಕಾರಣಗಳಿಂದ ಸಾಲವಾಗಿ, ಆ ಸ್ಥಿತಿಯಲ್ಲೂ ಜವಾಬ್ದಾರಿಯಿಂದ ನಡೆದುಕೊಂಡಿದ್ದರೆ ಅದನ್ನು ಅರ್ಜಿದಾರರ ಪರವಾಗಿ ಪರಿಗಣಿಸಬೇಕು. ಪ್ರಾಮಾಣಿಕವಾಗಿ ಕಂತು ಕಟ್ಟುತ್ತಿರುವುದು, ಸಾಲ ನಿರ್ವಹಣೆಯ ಸಲಹೆ ಪಡೆಯುತ್ತಿರುವುದು, ತಮ್ಮದಲ್ಲದ ಬಾಕಿಯನ್ನು ಸಕಾರಣವಾಗಿ ಪ್ರಶ್ನಿಸಿರುವುದು, ಎಲ್ಲಕ್ಕೂ ಬೆಲೆಯಿದೆ. ವಿಚ್ಛೇದನದಿಂದ ಬಂದ 46,000 ಡಾಲರ್ ಭಾರಕ್ಕೆ, ಕಂತಿನ ಒಪ್ಪಂದದ ಕಾಗದ ಕೈಯಲ್ಲಿದ್ದರೆ, ಕ್ಲಿಯರೆನ್ಸ್ ಕಳೆದುಕೊಳ್ಳಬೇಕಾಗಿರಲಿಲ್ಲ ಎಂದೇ ನನ್ನ ಅಂದಾಜು. ಅದೇ ವಿಭಾಗ ಮೂಲ ತಿಳಿಯದ ಸಿರಿವಂತಿಕೆಯನ್ನೂ ಅನರ್ಹತೆಯ ಕಾರಣಗಳ ಪಟ್ಟಿಯಲ್ಲಿ ಸೇರಿಸಿದೆ. 1989ರ ಏಮ್ಸ್ ಸಿಕ್ಕಿಬೀಳಬೇಕಾದದ್ದು ಅಲ್ಲಿ.

ಇ ವಿಭಾಗದ ದನಿ ಬೇರೆ. ಅರ್ಜಿಯಲ್ಲಿ ಬೇಕೆಂದೇ ವಿಷಯ ಮುಚ್ಚಿಡುವುದು, ತನಿಖಾಧಿಕಾರಿಗೆ ಸುಳ್ಳು ಹೇಳುವುದು, ತನಿಖೆಗೆ ಸಹಕರಿಸದಿರುವುದು ಇಲ್ಲಿ ಬರುತ್ತವೆ. ಎಸ್‌ಎಫ್-86 ಎಂಬ ಅರ್ಜಿಯ 26ನೇ ಭಾಗ ಹಣಕಾಸಿನದು. ಹಿಂದಿನ ಏಳು ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನಕ್ಕಿಂತ ಹೆಚ್ಚು ಬಾಕಿ ಉಳಿದಿತ್ತೇ ಎಂದು ಅದು ಕೇಳುತ್ತದೆ. ಇದ್ದವರು ಇಲ್ಲ ಎಂದು ಬರೆದರೆ, ಕ್ರೆಡಿಟ್ ವರದಿ ತರಿಸಿದ ಕ್ಷಣ ಅದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಇದ್ದದ್ದು ಒಂದು ಹಳೆಯ ಆಸ್ಪತ್ರೆ ಬಿಲ್ಲು. ಈಗ ಸರ್ಕಾರಕ್ಕೆ ಹೇಳಿದ ಸುಳ್ಳೂ ಅದಕ್ಕೆ ಅಂಟಿಕೊಂಡಿತು. ಬೇಕೆಂದೇ ಸುಳ್ಳು ಬರೆಯುವುದು ಐದು ವರ್ಷದವರೆಗೆ ಸೆರೆಮನೆಗೆ ಕಳಿಸಬಹುದಾದ ಅಪರಾಧ ಕೂಡ.

ರಕ್ಷಣಾ ಗುತ್ತಿಗೆ ಕಂಪನಿಗಳ ನೌಕರರಿಗೆ ಕ್ಲಿಯರೆನ್ಸ್ ನಿರಾಕರಿಸುವಾಗ ಮೊದಲು ಕಾರಣಗಳನ್ನು ವಿವರಿಸಿದ ನೋಟಿಸ್ ಬರುತ್ತದೆ. ಅದಕ್ಕೆ 20 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕೋರಿದರೆ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ, ಆಮೇಲೆ ಮೇಲ್ಮನವಿ. ಸರ್ಕಾರ ಕ್ರೆಡಿಟ್ ವರದಿಯನ್ನು ಮುಂದಿಟ್ಟರೆ ಸಾಕು, ಅದನ್ನು ವಿವರಿಸುವ ಹೊಣೆ ಅರ್ಜಿದಾರರದು. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ, ನೌಕಾಪಡೆ ಮತ್ತು ಈಗನ್ ನಡುವಿನ ಮೊಕದ್ದಮೆಯಲ್ಲಿ ಹೇಳಿಬಿಟ್ಟಿದೆ. ಈ ವಿಚಾರಣೆಗಳ ತೀರ್ಪುಗಳನ್ನು ಹೆಸರು ತೆಗೆದು ಪ್ರಕಟಿಸುತ್ತಾರೆ. ಓದಿದರೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದೊಡ್ಡ ಸಾಲವಿದ್ದೂ ಮೊದಲೇ ಹೇಳಿಕೊಂಡು, ರಸೀದಿಗಳನ್ನು ಜೋಡಿಸಿಟ್ಟುಕೊಂಡು ಬಂದವರು ಗೆದ್ದದ್ದುಂಟು. ಸಣ್ಣ ಬಾಕಿಯನ್ನು ಮುಚ್ಚಿಟ್ಟು, ಕೇಳಿದಾಗ ಒಂದು, ಕಾಗದ ತೋರಿಸಿದಾಗ ಇನ್ನೊಂದು ಹೇಳಿದವರು ಸೋತದ್ದುಂಟು. ನ್ಯಾಯಾಧೀಶರು ತೂಗುವುದು ಮೊತ್ತಕ್ಕಿಂತ ಮಾತನ್ನು.

ಬಡವರಿಗೆ ಇದು ಅನ್ಯಾಯವಲ್ಲವೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಅಮೆರಿಕದಲ್ಲಿ ಒಂದು ಶಸ್ತ್ರಚಿಕಿತ್ಸೆ ಸಾಕು, ಮಧ್ಯಮ ವರ್ಗದ ಕುಟುಂಬ ಸಾಲದಲ್ಲಿ ಮುಳುಗಲು. ಕೆಳದರ್ಜೆಯ ಸೈನಿಕರು, ಒಂಟಿ ತಾಯಂದಿರು ಈ ವಿಚಾರಣೆಗಳಲ್ಲಿ ಬಂದು ನಿಲ್ಲುವುದನ್ನು ಓದುವಾಗ ಸಂಕಟವಾಗುತ್ತದೆ. ವಕೀಲರನ್ನು ಇಟ್ಟುಕೊಳ್ಳಲೂ ಅವರಲ್ಲಿ ಹಣವಿರುವುದಿಲ್ಲ. ರಿಯಾಯಿತಿಯ ನಿಯಮಗಳನ್ನು ಧಾರಾಳವಾಗಿ ಬಳಸಬೇಕಾದದ್ದು ಇಂಥವರ ಮಟ್ಟಿಗೆ.

ನಮ್ಮವರಿಗೆ ಸಂಬಂಧಿಸಿದ್ದು

ಅಮೆರಿಕದ ಪೌರತ್ವ ಪಡೆದು ರಕ್ಷಣಾ ಕ್ಷೇತ್ರದ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೂ ಇದೇ ಅರ್ಜಿ. ಅವರಿಗೆ ಸಾಲದ ಜೊತೆ ಇನ್ನೊಂದು ಭಾಗವೂ ಮುಖ್ಯ: ವಿದೇಶದಲ್ಲಿರುವ ಆಸ್ತಿ, ಬ್ಯಾಂಕ್ ಖಾತೆ, ಹೂಡಿಕೆ. ಮೈಸೂರಿನಲ್ಲಿ ಅಪ್ಪ ಮಗನ ಅಥವಾ ಮಗಳ ಹೆಸರಿಗೆ ಮಾಡಿಟ್ಟ ಸೈಟು, ಅಮ್ಮನೊಂದಿಗಿನ ಜಂಟಿ ಖಾತೆ, ಹಳ್ಳಿಯ ಜಮೀನಿನಲ್ಲಿರುವ ಪಾಲು. ಊರಿನದು ತಾನೇ, ಅಲ್ಲಿಯವರಿಗೆ ಯಾಕೆ ಬೇಕು ಎಂದು ಬಿಟ್ಟುಬಿಡುವವರಿದ್ದಾರೆ. ಆಸ್ತಿಯಿರುವುದು ತಪ್ಪಲ್ಲ. ಬರೆಯದೆ ಬಿಟ್ಟದ್ದು ಮುಂದೆ ಪತ್ತೆಯಾದರೆ ಪ್ರಶ್ನೆ ಆಸ್ತಿಯಿಂದ ಅರ್ಜಿದಾರರ ಪ್ರಾಮಾಣಿಕತೆಗೆ ಹೊರಳುತ್ತದೆ. ನಮ್ಮ ಮನೆಗಳಲ್ಲಿ ಸಾಲದ ವಿಷಯವನ್ನು ಹೊರಗಿನವರ ಎದುರು ಆಡಬಾರದೆಂದು ಬೆಳೆಸಿರುತ್ತಾರೆ. ಆ ಸಂಕೋಚ ಅರ್ಥವಾಗುವಂಥದ್ದೇ. ಈ ಅರ್ಜಿಯ ಮುಂದೆ ಅದನ್ನು ಬದಿಗಿಡಬೇಕು.

ಭಾರತದ ನಿಯಮಗಳೂ ಈ ವಿಚಾರದಲ್ಲಿ ಮೌನವಾಗಿಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 17ನೇ ನಿಯಮ, ನೌಕರರು ಸದಾ ಸಾಲದಲ್ಲಿ ಮುಳುಗದಂತೆ, ದಿವಾಳಿಯಾಗದಂತೆ ತಮ್ಮ ಖಾಸಗಿ ವ್ಯವಹಾರ ನಡೆಸಬೇಕೆನ್ನುತ್ತದೆ. ನೇಮಕಾತಿಯ ದೃಢೀಕರಣ ನಮೂನೆಯಲ್ಲಿ ಮಾಹಿತಿ ಮುಚ್ಚಿಟ್ಟವರ ಬಗ್ಗೆ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾದ ತೀರ್ಪು ಕೊಟ್ಟಿದೆ. ಮುಚ್ಚಿಟ್ಟದ್ದು ಕ್ಷುಲ್ಲಕ ವಿಷಯವಾಗಿದ್ದರೆ ಉದ್ಯೋಗದಾತರು ಮನ್ನಿಸಬಹುದು, ಗಂಭೀರವಾಗಿದ್ದರೆ ತೆಗೆದುಹಾಕಬಹುದು, ಪ್ರತಿ ಪ್ರಕರಣವನ್ನೂ ಅದರ ಸಂದರ್ಭದಲ್ಲಿ ನೋಡಬೇಕು ಎಂಬುದು ಅದರ ಸಾರ.

ಈಗಾಗಲೇ ಅರ್ಜಿಯಲ್ಲಿ ತಪ್ಪು ಬರೆದವರ ಪಾಡೇನು? ಅಮೆರಿಕದ ಮಾರ್ಗಸೂಚಿ ಅವರಿಗೂ ಒಂದು ದಾರಿ ಬಿಟ್ಟಿದೆ. ತನಿಖಾಧಿಕಾರಿ ಕಾಗದ ಹಿಡಿದು ಎದುರಿಗೆ ಬಂದು ಕೂರುವ ಮೊದಲು, ತಾವಾಗಿಯೇ, ತಡಮಾಡದೆ ಸರಿಪಡಿಸಿದರೆ ಅದು ಅವರ ಪರವಾಗಿ ನಿಲ್ಲುತ್ತದೆ. ಕೇಳಿದ ಮೇಲೆ ಒಪ್ಪಿಕೊಂಡದ್ದಕ್ಕೆ ಅಷ್ಟು ತೂಕವಿಲ್ಲ. ಮೊದಲು ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಮರುತಪಾಸಣೆ ನಡೆಯುತ್ತಿದ್ದಾಗ ಹೀಗೆ ಸರಿಪಡಿಸಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತಿತ್ತು. ಈಗ ಕ್ಲಿಯರೆನ್ಸ್ ಇರುವವರ ಕ್ರೆಡಿಟ್ ದಾಖಲೆಗಳ ಮೇಲೆ ಕಂಪ್ಯೂಟರ್ ವ್ಯವಸ್ಥೆ ನಿರಂತರವಾಗಿ ಕಣ್ಣಿಟ್ಟಿರುತ್ತದೆ. ಬಾಕಿಯೊಂದು ವಸೂಲಿ ಏಜೆನ್ಸಿಗೆ ಹೋದರೆ ಮುಂದಿನ ಮರುತಪಾಸಣೆಯವರೆಗೆ ಕಾಯದೆ ಭದ್ರತಾ ಅಧಿಕಾರಿಯ ಗಮನಕ್ಕೆ ಬರಬಹುದು. ಹಾಗಾಗಿ ಕಂತು ತಪ್ಪುವ ಸೂಚನೆ ಕಂಡ ತಿಂಗಳೇ ಕಚೇರಿಯ ಭದ್ರತಾ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಸಾಲ ಕೊಟ್ಟವರೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರತಿಯನ್ನು ಜೊತೆಗಿಟ್ಟು, ಕಟ್ಟಿದ ಪ್ರತಿ ಕಂತಿನ ರಸೀದಿಯನ್ನು ತೆಗೆದಿಟ್ಟುಕೊಳ್ಳಬೇಕು.